ಸಿಸ್ಟಂ ಹತ್ತು, ಲೆಕ್ಕ ಒಂದು: ತಂತ್ರಾಂಶ ಜೋಡಣೆಗೆ ಒಂಬತ್ತು ಸೂತ್ರಗಳು

ದೊಡ್ಡ ಕಂಪನಿಯಲ್ಲಿ ಅಕೌಂಟ್ಸ್‌ಗೆ ಒಂದು ಸಾಫ್ಟ್‌ವೇರ್, ಗೋದಾಮಿಗೆ ಇನ್ನೊಂದು, ಸೇಲ್ಸ್‌ಗೆ ಮತ್ತೊಂದು, ಸಂಬಳಕ್ಕೆ ಮಗದೊಂದು. ‘ಈ ತಿಂಗಳ ಮಾರಾಟ ಎಷ್ಟಾಯಿತು?’ ಎಂದು ಎಂ.ಡಿ. ಕೇಳಿದರೆ ಮೂರು ವಿಭಾಗಗಳು ಮೂರು ಲೆಕ್ಕ ಕೊಡುತ್ತವೆ. ಇವನ್ನೆಲ್ಲ ಜೋಡಿಸಲು ಹೊರಟವರು ಮೊದಲು ಕೇಳುವ ಪ್ರಶ್ನೆ, ಯಾವ ಟೂಲ್ ಕೊಳ್ಳೋಣ ಎಂದು. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಯಾವ ಮಾಹಿತಿ ಯಾರದು, ಅದಕ್ಕೆ ಏನರ್ಥ ಎಂಬ ಬಗ್ಗೆ ವಿಭಾಗಗಳು ಒಪ್ಪಂದಕ್ಕೆ ಬರುವುದೇ ಅಸಲಿ ಕೆಲಸ.

1. ಇರುವುದನ್ನೆಲ್ಲ ಪಟ್ಟಿ ಮಾಡಿ
ಲೈಸೆನ್ಸ್ ಇರುವ ಸಾಫ್ಟ್‌ವೇರ್‌ಗಳನ್ನು ಬರೆದುಕೊಂಡರೆ ಸಾಲದು. ಸ್ಟೋರ್ಸ್ ಗುಮಾಸ್ತರ ಎಕ್ಸೆಲ್ ಶೀಟ್, ಶಾಖೆಯೊಂದು ತನ್ನಷ್ಟಕ್ಕೆ ಬಳಸುವ ಟ್ಯಾಲಿ, ದಿನಾ ಸಂಜೆ ಯಾರೋ ಇಮೇಲ್ ಮಾಡುವ ಫೈಲ್ ಎಲ್ಲವೂ ಪಟ್ಟಿಗೆ ಬರಲಿ. ಒಬ್ಬರು ರಜೆ ಹಾಕಿದರೆ ಡಿಸ್ಪ್ಯಾಚ್ ನಿಲ್ಲುತ್ತದೆ ಎಂದಾದರೆ, ಅಲ್ಲಿ ಕೊಂಡಿಯಾಗಿರುವುದು ಆ ವ್ಯಕ್ತಿಯೇ.

2. ಒಂದು ಮಾಹಿತಿಗೆ ಒಬ್ಬರೇ ಯಜಮಾನರು
ಗ್ರಾಹಕರ ವಿಳಾಸವನ್ನು ಸೇಲ್ಸ್ ವಿಭಾಗ ಮಾತ್ರ ತಿದ್ದಲಿ, ದಾಸ್ತಾನನ್ನು ಗೋದಾಮು, ಸಾಲದ ಮಿತಿಯನ್ನು ಫೈನಾನ್ಸ್. ಉಳಿದವರು ಓದಿಕೊಂಡರೆ ಸಾಕು. ವಿಭಾಗದ ಹೆಸರಿನ ಜೊತೆಗೆ ಹೊಣೆ ಹೊತ್ತವರ ಹೆಸರನ್ನೂ ಬರೆದಿಡಿ.

3. ಹೆಸರಲ್ಲ, ಸಂಖ್ಯೆ ನೋಡಿ
ಒಂದು ಕಡೆ ‘ಶ್ರೀ ಮಂಜುನಾಥ ಟ್ರೇಡರ್ಸ್’, ಇನ್ನೊಂದು ಕಡೆ ‘ಎಸ್.ಎಂ. ಟ್ರೇಡರ್ಸ್, ಬೆಳಗಾವಿ’. ಇಬ್ಬರೂ ಒಬ್ಬರೇನಾ? ಜಿಎಸ್‌ಟಿ ಸಂಖ್ಯೆ ನೋಡಿದರೆ ತಿಳಿಯುತ್ತದೆ. ಅದರಲ್ಲಿ 15 ಅಕ್ಷರ-ಅಂಕಿಗಳು. ಮೊದಲೆರಡು ರಾಜ್ಯದ ಕೋಡ್, ಮುಂದಿನ ಹತ್ತು ಪ್ಯಾನ್. ಬೆಳಗಾವಿಯಲ್ಲೂ ಕೊಲ್ಹಾಪುರದಲ್ಲೂ ಅಂಗಡಿ ಇಟ್ಟವರಿಗೆ 29ರಿಂದ ಶುರುವಾಗುವುದು ಒಂದು, 27ರಿಂದ ಶುರುವಾಗುವುದು ಇನ್ನೊಂದು ಸಂಖ್ಯೆ; ಪ್ಯಾನ್ ಮಾತ್ರ ಒಂದೇ. ಬಿಲ್ ಹಾಕುವವರಿಗೆ ಇವರು ಇಬ್ಬರು ಗ್ರಾಹಕರು, ಸಾಲ ಕೊಡುವವರಿಗೆ ಒಬ್ಬರೇ. ‘ಗ್ರಾಹಕ’ ಎಂದರೆ ಯಾರು ಎಂಬ ಈ ಜಗಳ ಕೋಡ್ ಬರೆಯುವ ಮೊದಲೇ ಇತ್ಯರ್ಥವಾಗಲಿ.

4. ತಾರೀಖು, ಸೊನ್ನೆ, ಅಳತೆಗಳ ಮೇಲೆ ಕಣ್ಣಿಡಿ
04/07 ಎಂದರೆ ಬೆಂಗಳೂರಿನಲ್ಲಿ ಜುಲೈ 4, ಅಮೆರಿಕದ ಸಾಫ್ಟ್‌ವೇರ್‌ಗೆ ಏಪ್ರಿಲ್ 7. ಖಾತೆ ಸಂಖ್ಯೆಯನ್ನು ಎಕ್ಸೆಲ್ ಬರೀ ಅಂಕಿ ಎಂದುಕೊಂಡರೆ ಆರಂಭದ ಸೊನ್ನೆಗಳು ಮಾಯ. 16 ಅಂಕಿಗಳಿದ್ದರೆ ಕೊನೆಯದು ಸೊನ್ನೆಯಾಗುತ್ತದೆ. ಗೋದಾಮು ಬಾಕ್ಸ್ ಲೆಕ್ಕ ಇಡುತ್ತದೆ, ಸೇಲ್ಸ್ ಪೀಸ್ ಲೆಕ್ಕ. ಇದೇನು ಸಣ್ಣ ವಿಷಯ ಎನ್ನಬೇಡಿ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಕೈತಪ್ಪಿದ್ದು, ಒಂದು ತಂತ್ರಾಂಶ ಪೌಂಡ್ ಲೆಕ್ಕದಲ್ಲಿ ಕೊಟ್ಟದ್ದನ್ನು ಇನ್ನೊಂದು ನ್ಯೂಟನ್ ಲೆಕ್ಕವೆಂದು ಓದಿಕೊಂಡದ್ದರಿಂದ.

5. ಎಲ್ಲದಕ್ಕೂ ಎಲ್ಲವನ್ನೂ ಕಟ್ಟಬೇಡಿ
ಹತ್ತು ಸಿಸ್ಟಂಗಳನ್ನು ಪರಸ್ಪರ ನೇರವಾಗಿ ಜೋಡಿಸಿದರೆ 45 ಕೊಂಡಿಗಳು, ಇಪ್ಪತ್ತಾದರೆ 190. ನಡುವೆ ಸಂದೇಶ ದಾಟಿಸುವ ಒಂದು ಕೇಂದ್ರ (ಎಪಿಐ ಗೇಟ್‌ವೇ ಅಥವಾ ಮೆಸೇಜ್ ಕ್ಯೂ) ಇಟ್ಟು, ಪ್ರತಿಯೊಂದೂ ಅದರೊಂದಿಗೆ ಮಾತ್ರ ಮಾತಾಡುವಂತೆ ಮಾಡಿ. ಮೂರೇ ಸಿಸ್ಟಂ ಇದ್ದರೆ ಅಷ್ಟು ಆಡಂಬರ ಬೇಡ. ಎಲ್ಲವೂ ಕ್ಷಣಕ್ಷಣಕ್ಕೆ ಓಡಾಡಬೇಕೆಂದೂ ಇಲ್ಲ: ದಾಸ್ತಾನು ಕೂಡಲೇ ಬೇಕು, ಸಂಬಳದ ಲೆಕ್ಕ ತಿಂಗಳಿಗೊಮ್ಮೆ ಬಂದರೆ ಸಾಕು.

6. ಕೈಕೊಡುತ್ತದೆ ಎಂದುಕೊಂಡೇ ಕಟ್ಟಿ
ಆರ್ಡರ್ ಹೋಯಿತು, ಉತ್ತರ ಬರುವಷ್ಟರಲ್ಲಿ ನೆಟ್‌ವರ್ಕ್ ಕೈಕೊಟ್ಟಿತು, ಸಿಸ್ಟಂ ಮತ್ತೆ ಕಳಿಸಿತು. ಆರ್ಡರ್‌ಗೆ ತನ್ನದೇ ಗುರುತಿನ ಸಂಖ್ಯೆ ಇಲ್ಲದಿದ್ದರೆ ಗೋದಾಮಿನಿಂದ ಎರಡು ಲಾರಿ ಹೊರಡುತ್ತವೆ. ಎಷ್ಟು ಸಲ ಬಂದರೂ ಒಂದೇ ಸಲ ದಾಖಲಾಗಲಿ. ಸಿಕ್ಕಿಬಿದ್ದ ಸಂದೇಶಗಳನ್ನು ದಿನಾ ಬೆಳಿಗ್ಗೆ ನೋಡುವವರೊಬ್ಬರಿರಲಿ. ಎರಡೂ ಕಡೆಯ ಬಿಲ್‌ಗಳ ಸಂಖ್ಯೆ ಮತ್ತು ಒಟ್ಟು ಮೊತ್ತವನ್ನು ಪ್ರತಿದಿನ ತಾಳೆ ನೋಡಿ.

7. ಹಂತಹಂತವಾಗಿ ಬದಲಿಸಿ
ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ 2018ರ ಏಪ್ರಿಲ್‌ನ ಒಂದು ವಾರಾಂತ್ಯದಲ್ಲಿ ಸುಮಾರು 50 ಲಕ್ಷ ಗ್ರಾಹಕರನ್ನು ಹೊಸ ವ್ಯವಸ್ಥೆಗೆ ದಾಟಿಸಿತು. ಡೇಟಾ ಸರಿಯಾಗಿಯೇ ದಾಟಿತು, ವ್ಯವಸ್ಥೆಯೇ ಕುಸಿಯಿತು. ಲಕ್ಷಾಂತರ ಜನ ತಮ್ಮ ಖಾತೆ ತೆರೆಯಲಾಗದೆ ಪರದಾಡಿದರು. 2022ರಲ್ಲಿ ಬಿದ್ದ ದಂಡ 4.86 ಕೋಟಿ ಪೌಂಡ್. ಇತ್ತ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ ಮತ್ತು ದೇನಾ ಬ್ಯಾಂಕ್, ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿದ್ದು 2019ರ ಏಪ್ರಿಲ್ 1ರಂದು. ಶಾಖೆಗಳ ಕಂಪ್ಯೂಟರ್ ವ್ಯವಸ್ಥೆ ಪೂರ್ತಿ ಒಂದಾದದ್ದು 2020ರ ಕೊನೆಗೆ. ಹಳೆಯ ಐಎಫ್‌ಎಸ್‌ಸಿ ಕೋಡ್‌ಗಳಂತೂ 2021ರ ಫೆಬ್ರುವರಿ ಮುಗಿಯುವವರೆಗೂ ನಡೆದವು. ವಿಲೀನಕ್ಕೆ ಒಂದು ದಿನ ಸಾಕು, ಜೋಡಣೆಗೆ ಸಾಲದು.

8. ಸೀಸನ್‌ನಲ್ಲಿ ಕೈ ಹಾಕಬೇಡಿ
ಅಮೆರಿಕದ ಚಾಕೊಲೇಟ್ ಕಂಪನಿ ಹರ್ಷೀಸ್ 1999ರ ಜುಲೈನಲ್ಲಿ, ಹ್ಯಾಲೋವೀನ್ ಆರ್ಡರ್‌ಗಳು ಸುರಿಯುವ ಹೊತ್ತಿಗೆ, ಮೂರು ಹೊಸ ಸಾಫ್ಟ್‌ವೇರ್‌ಗಳನ್ನು ಒಟ್ಟಿಗೆ ಚಾಲೂ ಮಾಡಿತು. ಗೋದಾಮಿನಲ್ಲಿ ಮಾಲಿತ್ತು, ಸುಮಾರು 10 ಕೋಟಿ ಡಾಲರ್ ಮೌಲ್ಯದ ಆರ್ಡರ್ ಅಂಗಡಿ ತಲುಪಲಿಲ್ಲ. ನಮ್ಮಲ್ಲಾದರೆ ದಸರೆ-ದೀಪಾವಳಿ ಮತ್ತು ಮಾರ್ಚ್ ಕೊನೆಯನ್ನು ಬಿಟ್ಟುಬಿಡಿ. ಅವಸರವೇ ಅಪಘಾತಕ್ಕೆ ಕಾರಣ ಎಂಬ ಮಾತು ರಸ್ತೆಗಷ್ಟೇ ಅಲ್ಲ.

9. ತಂಡವನ್ನು ಚದುರಿಸಬೇಡಿ
ಜಿಎಸ್‌ಟಿಯ ಇ-ಇನ್‌ವಾಯ್ಸ್ 2020ರ ಅಕ್ಟೋಬರ್‌ನಲ್ಲಿ 500 ಕೋಟಿ ರೂಪಾಯಿ ಮೀರಿದ ವಾರ್ಷಿಕ ವಹಿವಾಟಿನ ಕಂಪನಿಗಳಿಗೆ ಕಡ್ಡಾಯವಾಯಿತು. 2023ರ ಆಗಸ್ಟ್ ಹೊತ್ತಿಗೆ ಮಿತಿ 5 ಕೋಟಿಗೆ ಇಳಿದಿತ್ತು. ನಿಯಮ ಬದಲಾದಾಗಲೆಲ್ಲ ಬಿಲ್ಲಿಂಗ್ ಕೊಂಡಿಯನ್ನು ಮುಟ್ಟಬೇಕಾಗುತ್ತದೆ. ಕಟ್ಟಿದವರೇ ಹೋಗಿಬಿಟ್ಟರೆ ಮುಟ್ಟುವ ಧೈರ್ಯ ಯಾರಿಗಿರುತ್ತದೆ? ನಿರ್ವಹಣೆಗೆ ಜನವನ್ನೂ ಹಣವನ್ನೂ ಮೊದಲೇ ತೆಗೆದಿಡಿ.

ಎಲ್ಲಿಂದ ಶುರು ಮಾಡುವುದು? ಕಳೆದ ವಾರದ ಒಂದೇ ಒಂದು ಆರ್ಡರ್ ಆರಿಸಿಕೊಳ್ಳಿ. ಸೇಲ್ಸ್, ಗೋದಾಮು, ಅಕೌಂಟ್ಸ್‌ನವರನ್ನು ಒಂದೇ ಟೇಬಲ್‌ಗೆ ಕೂರಿಸಿ, ಗ್ರಾಹಕರ ಫೋನ್ ಬಂದಲ್ಲಿಂದ ದುಡ್ಡು ಕೈಸೇರುವವರೆಗೆ ಅದು ಹೋದ ದಾರಿಯನ್ನು ಹೇಳಿಸಿ. ‘ಆಮೇಲೆ ಅದು ಅವರ ಕಡೆ ಹೋಗುತ್ತೆ ಸಾರ್, ನಮಗೆ ಗೊತ್ತಿಲ್ಲ’ ಎಂಬ ಮಾತು ಎಲ್ಲಿ ಬರುತ್ತದೋ, ಮೊದಲ ಕೊಂಡಿ ಅಲ್ಲೇ ಹಾಕಿ.