ಹನ್ನೆರಡರಲ್ಲಿ ಒಬ್ಬ

2018ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಂಟಾ ಕ್ಲಾರಾ ಕೌಂಟಿ ಕೋರ್ಟಿನಿಂದ ನನ್ನ ಹೆಸರಿಗೆ ಒಂದು ಕಾಗದ ಬಂತು. ಜ್ಯೂರಿ ಸಮನ್ಸ್: ಕೇಸು ಕೇಳಿ ತೀರ್ಪು ಕೊಡುವ ಹನ್ನೆರಡು ಪೌರರಲ್ಲಿ ಒಬ್ಬನಾಗಲು ಬಾ ಎಂಬ ಕರೆ. ಅದನ್ನು ಕೈಯಲ್ಲಿ ಹಿಡಿದಾಗ ಮೊದಲು ನೆನಪಾದವರು ಅಪ್ಪ.

ತುಮಕೂರು ಜಿಲ್ಲೆಯ ನಮ್ಮೂರಲ್ಲಿ ಅವರು ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದರು. ಯಾರದೋ ಮನೆಯಲ್ಲಿ ಕೊಬ್ಬರಿ ಚೀಲಗಳು ಕಳುವಾದಾಗ, ಓದುಬರಹ ಬಲ್ಲವರು ಬೇಕೆಂದು ಪೊಲೀಸರು ಅಪ್ಪನನ್ನು ಕರೆದು ಮಹಜರಿಗೆ ರುಜು ಹಾಕಿಸಿಕೊಂಡರು. ಆ ಒಂದು ರುಜುವಿಗೆ ಅವರು ಆರು ವರ್ಷ ಕೋರ್ಟಿಗೆ ಅಲೆದರು. ಬೆಳಿಗ್ಗೆ ಬಸ್ಸು ಹಿಡಿದು ಹೋಗುವುದು, ಹೊರಗೆ ಮರದ ಕೆಳಗೆ ಕೂತಿರುವುದು, ಸಂಜೆ ಮುಂದಿನ ತಾರೀಖು ಬರೆದುಕೊಂಡು ವಾಪಸು ಬರುವುದು. ಕೊನೆಗೆ ಅವರ ಸಾಕ್ಷಿ ಹತ್ತು ನಿಮಿಷಕ್ಕೆ ಮುಗಿಯಿತು. ಕೋರ್ಟು ಮೆಟ್ಟಿಲು ಹತ್ತಬಾರದು ಅನ್ನುವುದು ಅಂದಿನಿಂದ ನಮ್ಮ ಮನೆಯ ಕಟ್ಟುಪಾಡಾಯಿತು. ನಾನು ಸಮುದ್ರ ದಾಟಿದಾಗ ಅದೂ ನನ್ನ ಜೊತೆ ಬಂದಿತ್ತು.

ಆ ಸಮನ್ಸ್ ಬರುವುದಕ್ಕೆ ಎರಡು ವರ್ಷ ಮೊದಲು ನಾನು ಅಮೆರಿಕದ ಪೌರತ್ವ ತೆಗೆದುಕೊಂಡಿದ್ದೆ. ಪೌರತ್ವ ಪರೀಕ್ಷೆಗೆ ಆಗ ನೂರು ಪ್ರಶ್ನೆಗಳ ಪಟ್ಟಿಯೊಂದಿತ್ತು. ಅದರಲ್ಲಿ ಹತ್ತು ಕೇಳುತ್ತಿದ್ದರು, ಆರಕ್ಕೆ ಸರಿಯಾಗಿ ಉತ್ತರಿಸಿದರೆ ಸಾಕಿತ್ತು. ಪೌರರಿಗೆ ಮಾತ್ರ ಇರುವ ಒಂದು ಜವಾಬ್ದಾರಿ ಯಾವುದು ಎಂಬುದೂ ಆ ಪಟ್ಟಿಯಲ್ಲಿತ್ತು. 'ಜ್ಯೂರಿಯಲ್ಲಿ ಸೇವೆ ಸಲ್ಲಿಸುವುದು' ಎಂದು ನಾನು ಬಾಯಿಪಾಠ ಮಾಡಿದ್ದೆ. ಅಂಥ ಕರೆ ನಿಜವಾಗಿಯೂ ಮನೆ ಬಾಗಿಲಿಗೆ ಬಂದಾಗ ತಪ್ಪಿಸಿಕೊಳ್ಳುವ ದಾರಿ ಹುಡುಕಿದೆ.

ಮೊದಲ ದಾರಿ ಸುಲಭದ್ದು. ಒಂದು ಸಲ ತಾರೀಖು ಮುಂದೂಡಲು ಅವಕಾಶವಿದೆ, ಡಿಸೆಂಬರಿಗೆ ಹಾಕಿಸಿಕೊಂಡೆ. ಡಿಸೆಂಬರಿನಲ್ಲಿ ನಮ್ಮ ಸಾಫ್ಟ್‌ವೇರ್ ರಿಲೀಸ್ ಬಂದು ಎದುರಿಗೆ ನಿಂತಿತು. 'ಈತ ಇಲ್ಲದೆ ಕೆಲಸ ನಡೆಯುವುದಿಲ್ಲ' ಎಂದು ಮ್ಯಾನೇಜರಿಂದ ಒಂದು ಪತ್ರ ಬರೆಸಿಕೊಂಡೆ. ಕನ್ನಡದ ಗೆಳೆಯರೊಬ್ಬರು ಇನ್ನೊಂದು ಉಪಾಯ ಹೇಳಿಕೊಟ್ಟರು: "ಜಡ್ಜ್ ಕೇಳಿದರೆ, ಪೊಲೀಸರು ಸುಳ್ಳು ಹೇಳೋದೇ ಇಲ್ಲ ಅಂತ ನಾನು ನಂಬ್ತೀನಿ ಅಂದುಬಿಡಿ. ವಕೀಲರೇ ನಿಮ್ಮನ್ನ ಮನೆಗೆ ಕಳಿಸ್ತಾರೆ."

ಹಿಂದಿನ ಸಂಜೆ ಐದರ ಮೇಲೆ ವೆಬ್‌ಸೈಟಿನಲ್ಲಿ ನೋಡಿದರೆ ನಮ್ಮ ಗುಂಪಿನ ನಂಬರು ಇತ್ತು. ಮಂಗಳವಾರ ಬೆಳಿಗ್ಗೆ ಸ್ಯಾನ್ ಹೋಸೆಯ ಹೆಡ್ಡಿಂಗ್ ರಸ್ತೆಯ ಕೋರ್ಟಿಗೆ ಹೋದೆ. ನೂರಾರು ಜನ ಕಾಯುವ ಹಾಲು, ಒಂದು ವಿಡಿಯೊ, ಆಮೇಲೆ ಹೆಸರು ಕರೆದು ನಮ್ಮಲ್ಲಿ ಅರವತ್ತು ಮಂದಿಯನ್ನು ಒಂದು ಕೋರ್ಟ್ ಹಾಲಿಗೆ ಕಳಿಸಿದರು. ಕೇಳುವ ಪ್ರಶ್ನೆಗೆ ನಿಜವನ್ನೇ ಹೇಳುತ್ತೇವೆಂದು ಎಲ್ಲರ ಕೈಲೂ ಪ್ರಮಾಣ ಮಾಡಿಸಿದರು.

ಕಷ್ಟವಿರುವವರು ಹೇಳಿಕೊಳ್ಳಬಹುದು ಎಂದಾಗ ನಾನೂ ಸಾಲಿನಲ್ಲಿ ನಿಂತೆ. ನನ್ನ ಮುಂದೆ ಒಬ್ಬ ಹೆಂಗಸು. ಮರೆವಿನ ಕಾಯಿಲೆಯ ತಾಯಿಯನ್ನು ಮನೆಯಲ್ಲಿ ನೋಡಿಕೊಳ್ಳುವವಳು ತಾನೊಬ್ಬಳೇ ಎಂದಳು. ಅವಳನ್ನು ಬಿಟ್ಟರು. ಅವಳ ಹಿಂದೆ ತೋಟದ ಕೆಲಸದವನು. ಗಂಟೆ ಲೆಕ್ಕದ ಕೂಲಿ, ಒಂದು ವಾರ ಹೋಗದಿದ್ದರೆ ಬಾಡಿಗೆ ಕಟ್ಟಲಾಗದು. ಜ್ಯೂರಿಗೆ ಕೊಡುತ್ತಿದ್ದದ್ದು ದಿನಕ್ಕೆ 15 ಡಾಲರ್, ಅದೂ ಎರಡನೇ ದಿನದಿಂದ. ಅವನನ್ನೂ ಬಿಟ್ಟರು. ಆಮೇಲೆ ನನ್ನ ಸರದಿ. ಜಡ್ಜ್ ಮ್ಯಾನೇಜರ ಪತ್ರ ಓದಿ ಎರಡೇ ಪ್ರಶ್ನೆ ಕೇಳಿದರು. "ಜ್ಯೂರಿಯಲ್ಲಿದ್ದ ದಿನಗಳಿಗೆ ನಿಮ್ಮ ಕಂಪನಿ ಸಂಬಳ ಕೊಡುತ್ತದೆಯೆ?" ಕೊಡುತ್ತದೆ ಅಂದೆ. "ನೀವು ಒಂದು ವಾರ ಜ್ವರದಲ್ಲಿ ಮಲಗಿದರೆ ಕಂಪನಿ ಬಾಗಿಲು ಹಾಕುತ್ತದೆಯೆ?" ಇಲ್ಲ ಅಂದೆ. ಪತ್ರ ವಾಪಸು ಕೊಟ್ಟು ಕೂತುಕೊಳ್ಳಿ ಅಂದರು.

ಆ ಪತ್ರವನ್ನು ಮಡಚಿ ಜೇಬಿಗಿಟ್ಟುಕೊಂಡು ಜಾಗಕ್ಕೆ ಮರಳುವಾಗ ನನಗೆ ನಾಚಿಕೆಯಾಯಿತು. ಅಲ್ಲಿದ್ದವರಲ್ಲಿ ಬಹಳ ಜನಕ್ಕಿಂತ ಸುಲಭವಾಗಿ ಬರಬಲ್ಲವನು ನಾನು. ಪತ್ರ ಬರೆಸಬಲ್ಲವರೆಲ್ಲ ಬರೆಸಿಕೊಂಡು ಹೊರಟರೆ ಆ ಕುರ್ಚಿಗಳಲ್ಲಿ ಯಾರು ಕೂರಬೇಕು?

ನನ್ನ ನಂಬರು ಕರೆದರು. ಪೆಟ್ಟಿಗೆಯಂಥ ಜ್ಯೂರಿ ಕಟಕಟೆಯೊಳಗೆ ಎರಡು ಸಾಲು ಕುರ್ಚಿ; ನನ್ನದು ಎಂಟನೆಯದು. ಗೆಳೆಯರು ಹೇಳಿದ್ದ ಪ್ರಶ್ನೆಯೇ ಬಂತು. ಪೊಲೀಸ್ ಅಧಿಕಾರಿ ಅನ್ನುವ ಒಂದೇ ಕಾರಣಕ್ಕೆ ಅವರ ಮಾತನ್ನು ಬೇರೆ ಸಾಕ್ಷಿಗಳ ಮಾತಿಗಿಂತ ಹೆಚ್ಚು ನಂಬುತ್ತೀರಾ? ಉತ್ತರ ನಾಲಿಗೆಯ ತುದಿಯಲ್ಲಿತ್ತು. ಆರೋಪಿ ಹತ್ತು ಹನ್ನೆರಡು ಅಡಿ ದೂರದಲ್ಲಿ ಕೂತಿದ್ದ. ಇಪ್ಪತ್ತೈದು ದಾಟದ ಹುಡುಗ, ಎರವಲು ತಂದಂತಿದ್ದ ಕೋಟು, ತೋಳು ಉದ್ದವಾಗಿ ಬೆರಳಿನವರೆಗೆ ಬಂದಿತ್ತು. ನನ್ನನ್ನೇ ನೋಡುತ್ತಿದ್ದ. "ಇಲ್ಲ, ಎಲ್ಲರ ಮಾತಿನ ಹಾಗೆ ಅದನ್ನೂ ತೂಗಿ ನೋಡುತ್ತೇನೆ" ಎಂದೆ. ಅದು ನಿಜವೂ ಆಗಿತ್ತು. ಇಬ್ಬರೂ ವಕೀಲರು ನನ್ನನ್ನು ಉಳಿಸಿಕೊಂಡರು.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಕೇಸಿನ ವಿಷಯ ಯಾರಿಗೂ ಹೇಳುವಂತಿಲ್ಲ. ಜ್ಯೂರಿಯಲ್ಲಿದ್ದೇನೆ ಅಂತ ಹೇಳಬಹುದು. "ಲಾಯರ್ ಓದಿಲ್ಲ ಏನಿಲ್ಲ, ನಿನ್ನ ಕೂರಿಸ್ಕೊಂಡು ಏನ್ ಕೇಳ್ತಾರೋ?" ಅಂದರು. ಆಮೇಲೆ ಅವರೇ ನಾನಾವತಿ ಕೇಸು ನೆನೆದರು. 1959ರಲ್ಲಿ ಬಾಂಬೆಯ ಜ್ಯೂರಿ ಕೊಲೆ ಆರೋಪ ಹೊತ್ತಿದ್ದ ನೌಕಾಪಡೆಯ ಆ ಅಧಿಕಾರಿಯನ್ನು 8-1ರಲ್ಲಿ ನಿರ್ದೋಷಿ ಎಂದಿತು. ಸೆಷನ್ಸ್ ಜಡ್ಜ್ ಒಪ್ಪದೆ ಪ್ರಕರಣವನ್ನು ಹೈಕೋರ್ಟಿಗೆ ಕಳಿಸಿದರು, ಅಲ್ಲಿ ಶಿಕ್ಷೆಯಾಯಿತು. 1961ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆ ಬರುವ ಹೊತ್ತಿಗೆ ನಮ್ಮಲ್ಲಿ ಜ್ಯೂರಿಗೆ ಜಾಗವೇ ಉಳಿದಿರಲಿಲ್ಲ. "ಜನ ಪೇಪರ್ ಓದ್ಕೊಂಡು ತೀರ್ಪು ಕೊಟ್ಟುಬಿಡ್ತಾರೆ, ಹುಷಾರು" ಅಂದರು ಅಪ್ಪ.

ನಮ್ಮದು ಕುಡಿದು ಕಾರು ಓಡಿಸಿದ ಆಪಾದನೆ. ಚಳಿಗಾಲದ ಒಂದು ರಾತ್ರಿ ಒಂದೂ ಇಪ್ಪತ್ತಕ್ಕೆ, ಅಂಗಡಿ ಸಾಲಿನ ಮುಂದಿನ ಪಾರ್ಕಿಂಗ್ ಜಾಗದಲ್ಲಿ ಹುಡುಗ ಡ್ರೈವರ್ ಸೀಟಿನಲ್ಲಿ ನಿದ್ದೆ ಹೋಗಿದ್ದ. ಎಂಜಿನ್ ಓಡುತ್ತಿತ್ತು, ದೀಪ ಉರಿಯುತ್ತಿತ್ತು. ಉಸಿರಿನ ಪರೀಕ್ಷೆಯಲ್ಲಿ 0.11 ಬಂತು, ಕಾನೂನಿನ ಮಿತಿ 0.08. ಗೆಳೆಯನ ಮನೆಯಿಂದ ಬಂದೆ, ಬಿಯರ್ ಕುಡಿದಿದ್ದೇನೆ ಎಂದು ಪೊಲೀಸರಿಗೆ ತಾನೇ ಹೇಳಿದ್ದ. ಇನ್ನೇನು ಬೇಕು ಅನ್ನಿಸಿತು ನನಗೆ.

ಮೂರನೇ ದಿನ ಮಧ್ಯಾಹ್ನ ನಮ್ಮನ್ನು ಜ್ಯೂರಿ ಕೋಣೆಗೆ ಕಳಿಸಿದರು. ಚೀಟಿಯಲ್ಲಿ ಮೊದಲ ಮತ ಹಾಕಿದೆವು: ಏಳು ಜನ ತಪ್ಪಿತಸ್ಥ, ಐದು ಜನ ಅಲ್ಲ. ಏಳರಲ್ಲಿ ನನ್ನದೂ ಒಂದು. ಹನ್ನೆರಡೂ ಒಂದಾಗದೆ ಕ್ರಿಮಿನಲ್ ಕೇಸಿನಲ್ಲಿ ತೀರ್ಪಿಲ್ಲ. ಸಂಜೆ ನಾಲ್ಕಕ್ಕೆ ಮುಗಿದರೆ ಆಫೀಸಿನ ಕರೆಗೆ ಸೇರಿಕೊಳ್ಳಬಹುದು ಎಂಬ ಲೆಕ್ಕವೂ ನನ್ನ ಚೀಟಿಯೊಳಗೆ ಇತ್ತು. ಅದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಎದುರಿಗೆ ಕೂತಿದ್ದವರು ಶಾಲಾ ಬಸ್ಸಿನ ಡ್ರೈವರಾಗಿ ನಿವೃತ್ತರಾದ ಒಬ್ಬ ಹಿರಿಯ ಹೆಂಗಸು. "ಕುಡಿದೆ ಅಂತ ಅವನೇ ಹೇಳಿದ್ದಾನಲ್ಲ" ಅಂದೆ. "ಯಾವಾಗ ಕುಡಿದ?" ಅಂತ ಕೇಳಿದರು. ಪ್ಲಾಸ್ಟಿಕ್ ಚೀಲದಲ್ಲಿದ್ದ ಒಂದು ರಸೀದಿಯನ್ನು ಮೇಜಿನ ನಡುವೆ ಇಟ್ಟು ಬೆರಳಿನಲ್ಲಿ ನನ್ನ ಕಡೆ ತಳ್ಳಿದರು. ಮಾಸಿದ ಅಕ್ಷರ, ಅದೇ ಸಾಲಿನ ಮದ್ಯದಂಗಡಿಯದು: ಆರು ಬಿಯರ್, ರಾತ್ರಿ 11:40. ಪಕ್ಕದಲ್ಲೇ ಪೊಲೀಸರು ತೆಗೆದಿದ್ದ ಫೋಟೊ. ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೆ ನಾಲ್ಕು ಖಾಲಿ ಡಬ್ಬಿ. ಎರಡು ದಿನ ಆ ಫೋಟೊ ನೋಡಿಯೂ ನಾನು ಡಬ್ಬಿ ಎಣಿಸಿರಲಿಲ್ಲ. ಕಾರು ನಿಲ್ಲಿಸಿದ ಮೇಲೆ ಕುಡಿದಿದ್ದರೆ ಓಡಿಸುವಾಗ ಮದ್ಯದ ಮಟ್ಟ ಎಷ್ಟಿತ್ತೆಂದು ತಾವು ಹಾಕಿದ ಲೆಕ್ಕ ನಿಲ್ಲುವುದಿಲ್ಲ ಎಂದು ಸರ್ಕಾರಿ ತಜ್ಞರೇ ಪಾಟೀಸವಾಲಿನಲ್ಲಿ ಒಪ್ಪಿದ್ದರು. ಅದು ನನ್ನ ನೋಟ್ ಪುಸ್ತಕದಲ್ಲೇ ಇತ್ತು. ಕಾರು ಓಡಿದ್ದನ್ನು ಕಂಡವರು ಒಬ್ಬರೂ ಇರಲಿಲ್ಲ. ಎಂಜಿನ್ ಹಾಕಿಕೊಂಡು ನಿಂತ ಕಾರಿನಲ್ಲಿ ಮಲಗುವುದು ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಓಡಿಸಿದಂತಲ್ಲ. ಚಕ್ರ ಒಂದಿಷ್ಟಾದರೂ ಉರುಳಿರಬೇಕು.

ಜಡ್ಜ್ ಬರವಣಿಗೆಯಲ್ಲಿ ಕೊಟ್ಟಿದ್ದ ಸೂಚನೆಗಳನ್ನು ಮತ್ತೆ ತೆಗೆದೆವು. ಸಾಂದರ್ಭಿಕ ಸಾಕ್ಷ್ಯದಿಂದ ಒಪ್ಪತಕ್ಕ ಎರಡು ಅರ್ಥ ಹೊರಟು, ಒಂದು ತಪ್ಪಿನ ಕಡೆಗೂ ಇನ್ನೊಂದು ನಿರ್ದೋಷದ ಕಡೆಗೂ ತೋರಿಸಿದರೆ, ಎರಡನೆಯದನ್ನೇ ತೆಗೆದುಕೊಳ್ಳಬೇಕು. ಮೂರು ಸಲ ಓದಿದೆ. ಹುಡುಗ ಕುಡಿದೇ ಓಡಿಸಿಕೊಂಡು ಬಂದಿರಬಹುದು ಎಂದು ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ. ನನಗೆ ಅನ್ನಿಸಿದ್ದು ಅಲ್ಲಿ ರುಜುವಾತು ಆಗಿರಲಿಲ್ಲ. ಸಂಜೆ ಐದಕ್ಕೆ ನಾವು ಹನ್ನೊಂದು-ಒಂದು ಇದ್ದೆವು. ಮರುದಿನ ಬೆಳಿಗ್ಗೆ ಹನ್ನೆರಡೂ: ತಪ್ಪಿತಸ್ಥನಲ್ಲ.

ತೀರ್ಪು ಓದಿದ ಮೇಲೆ ಪ್ರಾಸಿಕ್ಯೂಟರ್ ಕೋರಿಕೆಯಂತೆ ನಮ್ಮನ್ನು ಒಬ್ಬೊಬ್ಬರನ್ನಾಗಿ ಕೇಳಿದರು: ಇದು ನಿಮ್ಮ ತೀರ್ಪೆ? ಎಂಟನೆಯವನಾಗಿ ನಾನು "ಹೌದು" ಎಂದೆ. ಹುಡುಗ ಎರಡೂ ಅಂಗೈಯನ್ನು ಮೇಜಿನ ಮೇಲೆ ಊರಿ ತಲೆ ತಗ್ಗಿಸಿ ನಿಂತಿದ್ದ. ಅವತ್ತು ನಾನು ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಪರವಾಗಿಲ್ಲ, ಕೂತು ಎಣಿಸಿದ್ದೀರಿ" ಎಂದರು. ರಿಲೀಸ್ ಒಂದು ವಾರ ತಡವಾಗಿ ಹೊರಬಂತು. ಕಂಪನಿಗೆ ಏನೂ ಆಗಲಿಲ್ಲ.

ನನ್ನ ಹಾಗೆ ಇಲ್ಲಿಗೆ ಬಂದು ಪೌರತ್ವ ಪಡೆದ ಕನ್ನಡಿಗರು ಬಹಳ ಜನ ಇದ್ದೀರಿ. ಒಂದಲ್ಲ ಒಂದು ದಿನ ಆ ಕಾಗದ ನಿಮಗೂ ಬರುತ್ತದೆ. ಮನೆಯಲ್ಲಿ ಕಾಯಿಲೆಯವರಿದ್ದರೆ, ಕೂಲಿ ತಪ್ಪುವುದಾದರೆ, ಇದ್ದದ್ದನ್ನು ಹೇಳಿ, ಕೇಳಿಸಿಕೊಳ್ಳುತ್ತಾರೆ. ಕೆಲಸದ ಒತ್ತಡವಷ್ಟೇ ಆದರೆ ಒಂದು ಸಲ ತಾರೀಖು ಮುಂದೂಡಿಸಿಕೊಳ್ಳಿ. ಮ್ಯಾನೇಜರ ಪತ್ರ ಬರೆಸಬೇಡಿ, ಗೆಳೆಯರು ಹೇಳಿಕೊಟ್ಟ ಉತ್ತರ ಒಪ್ಪಿಸಬೇಡಿ. ಹೋಗಿ ಕೂತುಕೊಳ್ಳಿ, ಫೋಟೊದಲ್ಲಿ ಎಷ್ಟು ಡಬ್ಬಿಗಳಿವೆ ಎಂದು ನೀವೇ ಎಣಿಸಿ.