ಖಡಿ, ಉಸುಕು ಕೊಳ್ಳುವ ಮುನ್ನ



ಖಾನಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಸಂಘದ ಒಬ್ಬ ಅಕ್ಕ ಸಾಲ ಪಡೆದು ಮನೆಗೆ ಸ್ಲ್ಯಾಬ್ ಹಾಕಿಸಿದರು. ಎರಡನೇ ಮಳೆಗಾಲಕ್ಕೇ ಅದು ಸೋರತೊಡಗಿತು. ಕಂತು ಇನ್ನೂ ಮುಗಿದಿರಲಿಲ್ಲ. "ಸಿಮೆಂಟ್ ಚಲೋದನ್ನೇ ತಂದಿದ್ವಿ ಸಿಸ್ಟರ್" ಎಂದು ಅವರು ಕಣ್ಣೀರು ಹಾಕಿದರು. ಅಂಗಳದಲ್ಲಿ ಉಳಿದಿದ್ದ ಉಸುಕನ್ನು ನಾವು ಕೈಯಲ್ಲಿ ಹಿಡಿದು ನೋಡಿದೆವು. ಅಂಗೈಯೆಲ್ಲ ಮಣ್ಣಾಯಿತು.

ಕಾಂಕ್ರೀಟಿನಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಇರುವುದು ಖಡಿ ಮತ್ತು ಉಸುಕು. ಸಿಮೆಂಟ್ ಅವನ್ನು ಹಿಡಿದಿಡುವ ಅಂಟು. ಮಣ್ಣು ಮೆತ್ತಿದ ಕಲ್ಲಿಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ.

ಖಡಿ: ಬೆಳಗಾವಿ ಸುತ್ತಲಿನ ಗಟ್ಟಿ ಕರಿಕಲ್ಲಿನ ಖಡಿ ಒಳ್ಳೆಯದು. ಖಾನಾಪುರ ಕಡೆಯ ಕೆಂಪು ಜಂಬಿಟ್ಟಿಗೆ ಕಲ್ಲು ಗೋಡೆಗೆ ಸರಿ, ಅದನ್ನು ಒಡೆದು ಸ್ಲ್ಯಾಬಿಗೆ ಹಾಕಬಾರದು. ಅದು ಮೆತ್ತಗಿದ್ದು ನೀರು ಹೀರುತ್ತದೆ. ಸ್ಲ್ಯಾಬಿಗೆ 20 ಮಿ.ಮೀ., ಅಂದರೆ ಮುಕ್ಕಾಲು ಇಂಚಿನ ಖಡಿ ಕೇಳಿ. ಅದಕ್ಕಿಂತ ದಪ್ಪದ್ದು ಕಬ್ಬಿಣದ ಸರಳುಗಳ ನಡುವೆ ಇಳಿಯದೆ ಪೊಳ್ಳು ಉಳಿಯುತ್ತದೆ. ಚಪ್ಪಟೆ, ಉದ್ದನೆಯ ಚೂರುಗಳು ಹೆಚ್ಚಿದ್ದರೆ ಬೇಡವೆನ್ನಿ. ಧೂಳು ಮೆತ್ತಿದ್ದರೆ ತೊಳೆಸಿ.

ಹೊಳೆ ಉಸುಕು: ಗಾಜಿನ ಬಾಟಲಿಯಲ್ಲಿ ಅರ್ಧ ಉಸುಕು ಹಾಕಿ, ಮುಕ್ಕಾಲು ತನಕ ನೀರು ತುಂಬಿ, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ. 3 ತಾಸು ಅಲುಗಿಸಬೇಡಿ. ಉಸುಕಿನ ಮೇಲೆ ರಾಡಿಯ ಪದರ ಕೂಡುತ್ತದೆ. ಉಸುಕು 10 ಸೆಂ.ಮೀ. ಇದ್ದರೆ ರಾಡಿ 8 ಮಿ.ಮೀ. ದಾಟಬಾರದು.

ಎಂ-ಸ್ಯಾಂಡ್: ಇದು ಕಲ್ಲನ್ನು ಪುಡಿಮಾಡಿ, ಜರಡಿ ಹಿಡಿದು ಮಾಡಿದ ಉಸುಕು. 2016ರ ಭಾರತೀಯ ಮಾನಕ ಐಎಸ್ 383 ಇದನ್ನು ಒಪ್ಪಿದೆ. ಆದರೆ ಕ್ರಷರಿನ ಬರೀ ಧೂಳನ್ನೇ ಇದೇ ಹೆಸರಿನಲ್ಲಿ ಕೊಟ್ಟಾರು. ಪರೀಕ್ಷೆಯ ವರದಿ ಕೇಳಿ. ಕನಕುಂಬಿಯಲ್ಲಿ ಹುಟ್ಟಿ ಖಾನಾಪುರದ ಮೇಲೆ ಹರಿಯುವ ಮಲಪ್ರಭೆಯ ಒಡಲು ಬಗೆದರೆ ದಂಡೆ ಕುಸಿಯುತ್ತದೆ, ನಮ್ಮ ಬಾವಿಗಳ ನೀರೂ ಇಳಿಯುತ್ತದೆ. ಆದ್ದರಿಂದ ಒಳ್ಳೆಯ ಎಂ-ಸ್ಯಾಂಡ್ ಸಿಕ್ಕರೆ ಅದನ್ನೇ ಕೊಳ್ಳೋಣ.

ಅಳತೆ: 1 ಬ್ರಾಸ್ ಎಂದರೆ 100 ಘನ ಅಡಿ. ಟ್ರಾಲಿಯಲ್ಲಿ ಮಾಲು 10 ಅಡಿ ಉದ್ದ, 5 ಅಡಿ ಅಗಲ, 2 ಅಡಿ ಎತ್ತರ ತುಂಬಿದ್ದರೆ 1 ಬ್ರಾಸ್ ಆಯಿತು. ಇಳಿಸುವ ಮೊದಲೇ ಟೇಪು ಹಿಡಿಯಿರಿ. ಹಸಿ ಉಸುಕು ಉಬ್ಬಿರುತ್ತದೆ. ಕಣ್ಣಿಗೆ ಹೆಚ್ಚು ಕಂಡರೂ ಮಾಲು ಕಡಿಮೆ.

ಅಕ್ಕಿ ಕೊಳ್ಳುವಾಗ ಅಂಗೈಯಲ್ಲಿ ಹಿಡಿದು ಕಲ್ಲು ಹುಡುಕುವವರು ನಾವು. ಮನೆ ಕಟ್ಟುವಾಗ ಮಾತ್ರ "ಗವಂಡಿಗೆ ಗೊತ್ತು" ಎಂದು ಸುಮ್ಮನಿರುವುದು ಏಕೆ? ಸಾಲ ತೀರಿಸುವವರು ನಾವೇ ಅಲ್ಲವೇ?

ಸಭೆಯಲ್ಲಿ ಚರ್ಚಿಸಿರಿ:
1. ನಮ್ಮಲ್ಲಿ ಈ ವರ್ಷ ಯಾರು ಮನೆ ಕಟ್ಟಿಸುತ್ತಿದ್ದಾರೆ?
2. ಮಾಲು ಬಂದಾಗ ಅವರ ಜೊತೆ ನಿಂತು ನೋಡುವ ಇಬ್ಬರು ಯಾರು?
3. ಬಾಟಲಿ ಪರೀಕ್ಷೆಯನ್ನು ಮುಂದಿನ ಸಭೆಯಲ್ಲಿ ಎಲ್ಲರೂ ಮಾಡಿ ನೋಡೋಣವೇ?