ಪ್ರಾಜೆಕ್ಟ್ ಬರೆಯುವ ಮೊದಲು

ತಂಗೀ, ಕೆಲಸ ಖಾಯಂ ಆಯಿತು, ಪಿಎಚ್.ಡಿ.ಯೂ ಮುಗಿಯಿತು. ಇನ್ನು ಮೇಲೆ ಎಲ್ಲರದೂ ಒಂದೇ ಪ್ರಶ್ನೆ: "ಪ್ರಾಜೆಕ್ಟ್ ಯಾವಾಗ ತರ್ತೀ?" ನ್ಯಾಕ್ ಮೌಲ್ಯಮಾಪನದ ವರ್ಷವಾದರೆ ಪ್ರಾಂಶುಪಾಲರೂ ದಿನಕ್ಕೊಮ್ಮೆ ಕೇಳಿಯಾರು. ಯಾವ ಇಲಾಖೆ ಅರ್ಜಿ ಕರೆದಿದೆ ಎಂದು ನೋಡಿ, ಅದಕ್ಕೆ ತಕ್ಕಂತೆ ವಿಷಯ ಹೊಸೆಯುವವರು ಬಹಳ ಜನ. ಅಂಥ ಅರ್ಜಿ ಪರಿಶೀಲಕರ ಕಣ್ಣಿಗೆ ಮೊದಲ ಪುಟದಲ್ಲೇ ಸಿಕ್ಕಿಬೀಳುತ್ತದೆ. ನೀನು ವಿಷಯವನ್ನು ಈ ಕರಾವಳಿಯಲ್ಲಿ ಹುಡುಕು, ಹಣವನ್ನು ಆಮೇಲೆ ಹುಡುಕುವಿಯಂತೆ.

ನಮ್ಮಲ್ಲಿ ವಿಷಯಕ್ಕೇನು ಬರ? ಅಂಕೋಲೆಯ ಕರಿ ಈಶಾಡ ಮಾವಿಗೆ 2023ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಆ ತೆಳುಸಿಪ್ಪೆಯ ಹಣ್ಣನ್ನು ಕೆಡದಂತೆ ದೂರದ ಪೇಟೆಗೆ ಮುಟ್ಟಿಸುವುದು ಹೇಗೆ? 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯಲ್ಲಿದ್ದವರನ್ನು ಗಂಗಾವಳಿ ನದಿಗೆ ತಳ್ಳಿತು; ಮುಂದಿನ ಮಳೆಗಾಲಕ್ಕೆ ಹೆದರಬೇಕಾದ ಗುಡ್ಡ ಯಾವುದು? ಕಾಳಿ ನದಿಯ ಅಳಿವೆಯಲ್ಲಿ ಬಳಚು ಚಿಪ್ಪು ಹೆಕ್ಕುವ ಹೆಂಗಸರ ದಿನದ ದುಡಿಮೆ ಎಷ್ಟು? ಈ ಪ್ರಶ್ನೆಗಳನ್ನು ದಿಲ್ಲಿಯಲ್ಲಿ ಕುಳಿತವರಿಗಿಂತ ನೀನು ಚೆನ್ನಾಗಿ ಕೇಳಬಲ್ಲೆ.

ಮೊದಲು ಮನೆಯ ದುಡ್ಡು ಕೇಳು. ಎಷ್ಟೋ ವಿಶ್ವವಿದ್ಯಾಲಯಗಳು, ಆಡಳಿತ ಮಂಡಳಿಗಳು ಸೀಡ್ ಮನಿ ಎಂದು ಸಣ್ಣ ಮೊತ್ತ ಕೊಡುತ್ತವೆ. ಚಿಕ್ಕದೆಂದು ಮೂಗು ಮುರಿಯಬೇಡ. ಒಂದು ವರ್ಷದ ಮಾದರಿ ಸಂಗ್ರಹ, ನಾಲ್ಕು ಕೋಷ್ಟಕ, ಒಂದು ಪ್ರಬಂಧ ಅದರಲ್ಲಿ ಆಗುತ್ತದೆ. ದೊಡ್ಡ ಅರ್ಜಿಗೆ ಆ ನಾಲ್ಕು ಕೋಷ್ಟಕಗಳೇ ಬಂಡವಾಳ. ಉಪಕರಣ ಇಲ್ಲವೆಂದು ಕೈಕಟ್ಟಿ ಕೂರುವುದೂ ಬೇಡ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ, ಪಂಜರದಲ್ಲಿ ಮೀನು ಸಾಕುವುದನ್ನು ಮಾಡಿ ತೋರಿಸಿದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರ ಕಾರವಾರದಲ್ಲೇ ಇದೆ. ಹೋಗಿ ಮಾತಾಡು, ಸಹಸಂಶೋಧಕರಾಗಲು ಕೇಳು.

ಆಮೇಲೆ ಹೊರಗಿನ ಬಾಗಿಲು. ವಿಜ್ಞಾನದವರು ಬಹುಕಾಲ ಮೊರೆಹೋಗುತ್ತಿದ್ದ ಎಸ್‌ಇಆರ್‌ಬಿ ಈಗ 2023ರ ಕಾಯ್ದೆಯಡಿ ಹುಟ್ಟಿದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದಲ್ಲಿ ಸೇರಿಹೋಗಿದೆ. ಐದು ವರ್ಷಕ್ಕೆ 50,000 ಕೋಟಿ ರೂಪಾಯಿ ಎಂಬುದು ಅದರ ಲೆಕ್ಕ. ಬಹುಪಾಲು ಸರಕಾರದ ಹೊರಗಿನಿಂದ ಬರಬೇಕೆಂಬ ಅಂದಾಜೂ ಅದರೊಳಗೇ ಇದೆ. ಸಮಾಜ ವಿಜ್ಞಾನಕ್ಕೆ 1969ರಿಂದ ಐಸಿಎಸ್ಎಸ್ಆರ್ ಇದೆ. ನಮ್ಮ ರಾಜ್ಯದ್ದೇ ವಿಜ್ಞಾನ ಮತ್ತು ತಂತ್ರಜ್ಞಾನ ವಿಷನ್ ಗ್ರೂಪ್ ಇದೆ. ಕೈಗಾ ಅಣುಸ್ಥಾವರದ ಸುತ್ತಿನ ನೀರು, ಮಣ್ಣು ನಿನ್ನ ವಿಷಯವಾದರೆ ಅಣುಶಕ್ತಿ ಇಲಾಖೆಯ ಬಿಆರ್‌ಎನ್ಎಸ್ ನೋಡು.

ಬಜೆಟ್ ಬರೆಯುವಾಗ ಮೊದಲು ಮನುಷ್ಯರ ಲೆಕ್ಕ ಹಾಕು, ಯಂತ್ರದ್ದು ಆಮೇಲೆ. 2023ರ ಜನವರಿಯಿಂದ ಜೆಆರ್‌ಎಫ್‌ಗೆ ತಿಂಗಳಿಗೆ 37,000, ಎರಡು ವರ್ಷದ ಮೇಲೆ ಎಸ್ಆರ್‌ಎಫ್ ಆದರೆ 42,000. ಮೂರು ವರ್ಷಕ್ಕೆ ಒಬ್ಬರಿಗೇ ಸುಮಾರು 14 ಲಕ್ಷ, ಮನೆಬಾಡಿಗೆ ಭತ್ಯೆ ಬೇರೆ. ಕಂತು ತಡವಾದರೆ ನಿನ್ನ ಪ್ರಾಜೆಕ್ಟಿನಲ್ಲಿ ದುಡಿಯುವ ಹುಡುಗಿಯ ಬಾಡಿಗೆ ನಿಲ್ಲುತ್ತದೆ, ನಿನ್ನ ಸಂಬಳ ನಿಲ್ಲುವುದಿಲ್ಲ. ಇದು ನೆನಪಿರಲಿ.

ಇನ್ನೊಂದು: ಹಣದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ಕಡಲಿನ ವರ್ಷಕ್ಕೆ ಆ ಹಂಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿ ಇಳಿಯುವುದಿಲ್ಲ. ಟ್ರಾಲರ್ ಮೀನನ್ನೇ ನಂಬಿ "ಪ್ರತಿ ತಿಂಗಳೂ ಮಾದರಿ" ಎಂದು ಬರೆದರೆ ಕರಾವಳಿ ಬಲ್ಲ ಪರಿಶೀಲಕರು ನಗುತ್ತಾರೆ. ಕರಿ ಈಶಾಡದ ಸುಗ್ಗಿಯೂ ಬೇಸಿಗೆಯ ಕೆಲವೇ ವಾರ. ಆಗ ಮಂಜೂರಾತಿ ಪತ್ರ ಇನ್ನೂ ಅಂಚೆಯಲ್ಲಿದ್ದರೆ ಒಂದು ವರ್ಷವೇ ಹೋಯಿತು.

ಲೆಕ್ಕವನ್ನು ಮೊದಲ ದಿನದಿಂದ ಇಡು. ಯಾವ ಬಾಬಿನ ಹಣ ಅದೇ ಬಾಬಿಗೆ. ಉಪಕರಣದ ದುಡ್ಡಲ್ಲಿ ಪ್ರವಾಸ ಮಾಡುವಂತಿಲ್ಲ. ಬಳಕೆ ಪ್ರಮಾಣಪತ್ರ ಹೋಗದೆ ಮುಂದಿನ ಕಂತು ಬಾರದು. ದೋಣಿ ಬಾಡಿಗೆಗೆ ಅಂಗಡಿಯ ಬಿಲ್ ಸಿಗುವುದಿಲ್ಲ, ಆದ್ದರಿಂದ ರಸೀದಿ ಹೇಗಿರಬೇಕೆಂದು ಹಣಕಾಸು ವಿಭಾಗವನ್ನು ಮೊದಲೇ ಕೇಳಿಕೋ. ಆ ವಿಭಾಗದ ಗುಮಾಸ್ತರನ್ನು ಗೌರವದಿಂದ ಕಾಣು. ನಿಯಮ ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿರುವುದಿಲ್ಲ.

ಅರ್ಜಿ ತಿರಸ್ಕೃತವಾದರೆ ಅವಮಾನವೆಂದು ಬಗೆಯಬೇಡ. ಟಿಪ್ಪಣಿ ಓದು, ತಿದ್ದು, ಅದೇ ಪ್ರಶ್ನೆಯನ್ನು ಇನ್ನೊಂದು ಬಾಗಿಲಿಗೆ ಒಯ್ಯು. ಮಂಜೂರಾದರೆ, ಅದು ಜನರ ತೆರಿಗೆಯ ಹಣ. ಹಾಲಕ್ಕಿ ಸಮುದಾಯದ ಅಜ್ಜಿ ಹೇಳಿದ ಮದ್ದಿನ ಗಿಡ, ಮೀನುಗಾರ ತೋರಿಸಿದ ಬಂಡೆ ನಿನ್ನ ಪ್ರಬಂಧಕ್ಕೆ ಬಂದಾಗ ಅವರನ್ನು ಕೇಳಿಯೇ ಬರೆ, ಹೆಸರು ಹೇಳಿ ನೆನೆ. ದಿಲ್ಲಿಗೆ ಅಂತಿಮ ವರದಿ ಕಳಿಸುವ ವಾರವೇ ಅದರ ಸಾರವನ್ನು ಎರಡು ಪುಟ ಕನ್ನಡದಲ್ಲಿ ಬರೆದು ಅವರಿಗೂ ಓದಿ ಹೇಳು. ತಪ್ಪಿದ್ದರೆ ಮೊದಲು ಹಿಡಿಯುವವರು ಅವರೇ.